ಅಲುಗಾಡದವರಿಗೆ ಲೈಟಿಲ್ಲ

ಕೂತಲ್ಲೇ ಕೂತು ಕೆಲಸ ಮಾಡುವವರನ್ನು ನಮ್ಮ ಹೊಸ ಬಿಲ್ಡಿಂಗು ಮನುಷ್ಯರ ಲೆಕ್ಕಕ್ಕೇ ಹಿಡಿಯುದಿಲ್ಲ ಮಾರಾಯ್ರೆ. ಆಫೀಸಿನೊಳಗೆ ಜನ ಇದ್ದಾರೆ ಅಂತ ಅದಕ್ಕೆ ಗೊತ್ತಾಗ್ಬೇಕಾದ್ರೆ ಆ ಜನ ಎದ್ದು ಓಡಾಡ್ಬೇಕು, ಕೈ ಬೀಸ್ಬೇಕು, ಕುರ್ಚಿ ತಿರುಗಿಸ್ಬೇಕು, ಕಡೇಪಕ್ಷ ಆಕಳಿಸಿ ಮೈ ಮುರೀಬೇಕು. ಇದ್ಯಾವುದನ್ನೂ ಮಾಡದೆ ತಲೆ ತಗ್ಗಿಸಿ ಸಂಬಳಕ್ಕೆ ಸರಿಯಾಗಿ ದುಡಿದ್ರೋ, ಐದು ನಿಮಿಷದಲ್ಲಿ ಮಂಡೆ ಮೇಲಿನ ಲೈಟು ಟಪ್. ಮೊನ್ನೆ 20ನೇ ತಾರೀಕು, ಜಿಎಸ್‌ಟಿ 3ಬಿ ರಿಟರ್ನ್ ಹಾಕ್ಲಿಕ್ಕೆ ಕಡೇ ದಿನ, ಉಪ್ಪಳದ ಒಬ್ರು ಹಾರ್ಡ್‌ವೇರ್ ಅಂಗಡಿಯವರ ಇನ್‌ಪುಟ್ ಟ್ಯಾಕ್ಸ್ ಎಷ್ಟು ಕೂಡಿಸಿದ್ರೂ ತಾಳೆ ಬರುದಿಲ್ಲ, ನಾನು ಉಸಿರು ಬಿಗಿ ಹಿಡಿದು ಒಂದೊಂದೇ ಬಿಲ್ಲಿಗೆ ಪೆನ್ಸಿಲಿನಲ್ಲಿ ಟಿಕ್ ಹಾಕ್ತಾ ಬರ್ತಾ ಇದ್ದೇನೆ, ಇಗೋ ಸಿಕ್ಕಿತು ವ್ಯತ್ಯಾಸ ಅನ್ನುವಾಗ ಸರಿಯಾಗಿ ಕತ್ತಲೆ. ಕೈ ಎತ್ತಿ ಬೀಸಿ ಲೈಟು ಬರಿಸುವಷ್ಟರಲ್ಲಿ ಯಾವ ಬಿಲ್ಲಿನಲ್ಲಿದ್ದೆ ಅಂತಲೇ ತಪ್ಪಿ ಹೋಯ್ತು. ಪುನಃ ಮೇಲಿಂದ. ಆ ಸಿಟ್ಟು ಇನ್ನೂ ಇಳಿದಿಲ್ಲ, ಹಾಗಾಗಿ ಇದನ್ನು ಬರೀತಾ ಇದ್ದೇನೆ.

ಮೊದಲು ನಮ್ಮ ಆಫೀಸು ಕಾಸರಗೋಡು ಹಳೇ ಬಸ್‌ಸ್ಟ್ಯಾಂಡಿನ ಹತ್ರ ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿತ್ತು. ಮರದ ಏಣಿಮೆಟ್ಟಿಲು, ಮೂರು ಫ್ಯಾನು, ಅದರಲ್ಲಿ ಒಂದು ತಿರುಗುವಾಗ ಕಿರ್ ಕಿರ್. ಈಗ ಹೈವೇ ಬದಿಯಲ್ಲಿ ಎದುರು ಪೂರ್ತಿ ಗಾಜು ಹಾಕಿದ ಬಿಲ್ಡಿಂಗು, ಗೇಟಿನಲ್ಲೇ ಸ್ಮಾರ್ಟ್ ಅಂತ ಬೋರ್ಡು. ಕಾಸರಗೋಡಿನಂಥ ಊರಿನಲ್ಲಿ, ಮೀನ ತಿಂಗಳ, ಅಂದ್ರೆ ಮಾರ್ಚ್-ಏಪ್ರಿಲಿನ, ಬಿಸಿಲಿಗೆ ಮುಖ ಮಾಡಿ ಗಾಜಿನ ಗೋಡೆ ಎಬ್ಬಿಸುದು, ಆಮೇಲೆ ಒಳಗೆ ಸೇರಿದ ಸೆಕೆ ಓಡಿಸ್ಲಿಕ್ಕೆ ಎಸಿ ಇಡುದು, ಆಮೇಲೆ ಆ ಎಸಿಯ ಬಿಲ್ಲು ಇಳಿಸ್ಲಿಕ್ಕೆ ಸೆನ್ಸರ್ ಇಡುದು. ನಾಲ್ಕು ಸಾಲು ಮುರಕಲ್ಲು, ನಮ್ಮ ಕಡೆಯ ಕೆಂಪು ಕಲ್ಲು, ಜಾಸ್ತಿ ಇಟ್ಟಿದ್ರೆ ಮುಗೀತಿತ್ತು, ಆದ್ರೆ ಮುರಕಲ್ಲಿಗೆ ಬಾಡಿಗೆ ಏರುದಿಲ್ಲ ಅಲ್ವಾ.

ಈ ಲೈಟಿನ ವಿಷಯ ಎಂಥದು ಅಂತ ಚೆರ್ಕಳದ ಎಲೆಕ್ಟ್ರಿಷನ್ ಹುಡುಗನನ್ನು ಹಿಡಿದು ನಿಲ್ಲಿಸಿ ಕೇಳಿದೆ. ಮೇಲೆ ಸೀಲಿಂಗಿನಲ್ಲಿ ಬಿಳಿ ಅರ್ಧ ಉಂಡೆ ಕಾಣ್ತದಲ್ಲ, ಅದಕ್ಕೆ ಪಿಐಆರ್ ಅಂತ ಹೆಸರು. ಪ್ಯಾಸಿವ್ ಇನ್‌ಫ್ರಾರೆಡ್. ಅದು ತಾನಾಗಿ ಏನನ್ನೂ ಕಳಿಸುದಿಲ್ಲ, ನಮ್ಮ ಮೈಯಿಂದ ಹೊರಡುವ ಶಾಖವನ್ನು ನೋಡ್ತಾ ಕೂತಿರ್ತದೆ ಅಷ್ಟೆ. ಅದರ ಲೆನ್ಸು ಇಡೀ ಕೋಣೆಯನ್ನು ಪಾಲು ಪಾಲು ಮಾಡಿ ಇಟ್ಟಿರ್ತದೆ, ಒಂದು ಪಾಲಿನಿಂದ ಇನ್ನೊಂದಕ್ಕೆ ಬಿಸಿಯ ವಸ್ತು ದಾಟಿದ್ರೆ ಮಾತ್ರ ಅದಕ್ಕೆ ಎಚ್ಚರ. ಅಂದ್ರೆ ಇದ್ದಲ್ಲೇ ಇದ್ದ ಬಿಸಿ ಅದರ ಪಾಲಿಗೆ ಗೋಡೆ, ಮೇಜು, ಕಪಾಟು. ಇನ್ನೊಂದು ಮಾತು ಹೇಳಿದ ಅವ, ಕೋಣೆಯ ಸೆಕೆ ನಮ್ಮ ಮೈಯ ಬಿಸಿಯ ಹತ್ತಿರ ಹತ್ತಿರ ಬಂದ್ರೆ ಈ ಉಂಡೆಗೆ ಮನುಷ್ಯ ಯಾವುದು ಗಾಳಿ ಯಾವುದು ಅಂತ ಗುರುತು ಹಿಡಿಯುದೇ ಕಷ್ಟ ಅಂತೆ. ಮೇ ತಿಂಗಳ ಮಧ್ಯಾಹ್ನ ಎಸಿ ಕೈಕೊಟ್ಟಾಗ ನಾವೆಲ್ಲ ಯಾಕೆ ಕತ್ತಲಲ್ಲಿ ಬೆವರ್ತೇವೆ ಅಂತ ಆಗ ತಿಳೀತು.

"ಹಾಗಾದ್ರೆ ಟೈಮಾದ್ರೂ ಜಾಸ್ತಿ ಇಡು ಮಾರಾಯ" ಅಂದೆ. ಕೇಂದ್ರ ಸರಕಾರದ ಇಂಧನ ಉಳಿತಾಯ ಕಟ್ಟಡ ಸಂಹಿತೆ ಅಂತ ಒಂದುಂಟು, 2007ರಲ್ಲಿ ಬಂದದ್ದು, 2017ರಲ್ಲಿ ತಿದ್ದಿದ್ದು, ಆ 2017ರದ್ದರಲ್ಲಿ ಜನ ಹೋದ 15 ನಿಮಿಷದೊಳಗೆ ದೀಪ ಆರ್ಬೇಕು ಅಂತ ಇತ್ತು. ಹದಿನೈದಕ್ಕೆ ಇಟ್ಟಿದ್ರೂ ಯಾರೂ ಕೇಳ್ತಿರಲಿಲ್ಲ. ಆದ್ರೆ ನಮ್ಮ ಬಿಲ್ಡಿಂಗು ನೋಡಿಕೊಳ್ಳುವ ಮೆನೇಜರ್ರಿಗೆ ಉಳಿತಾಯದ ಉಮೇದು ಜಾಸ್ತಿ, ಐದಕ್ಕೆ ಇಳಿಸಿದ್ದಾರೆ. ಅವರ ಸ್ವಂತ ಕ್ಯಾಬಿನಿನಲ್ಲಿ ಮಾತ್ರ ಸ್ವಿಚ್ಚು ಉಂಟು, ನಾನು ಕಣ್ಣಾರೆ ನೋಡಿದ್ದೇನೆ.

ನಾನಾದ್ರೂ ಆಗಾಗ ಮಿಸುಕುವ ಪ್ರಾಣಿ. ನಮ್ಮ ಅಕೌಂಟ್ಸಿನ ಭಟ್ರ ಅವಸ್ಥೆ ಕೇಳ್ಬೇಡಿ. ಭಟ್ರು ಬೆಳಗ್ಗೆ ಒಂಬತ್ತೂವರೆಗೆ ಮೂಲೆಯ ಮೇಜಿಗೆ ಬಂದು ಕೂತ್ರೆ ಕೂತದ್ದೇ. ಎಡಗೈ ಲೆಡ್ಜರಿನ ಮೇಲೆ, ಬಲಗೈಯ ಎರಡು ಬೆರಳು ಕೀಬೋರ್ಡಿನ ಮೇಲೆ, ಕಣ್ಣು ಕನ್ನಡಕದ ಕೆಳಗಿನ ಅರ್ಧದಲ್ಲಿ. ಆ ಎರಡು ಬೆರಳು ಬಿಟ್ರೆ ಬೇರೆ ಯಾವ ಅಂಗವೂ ಅಲುಗಾಡುದಿಲ್ಲ. ಸೊಳ್ಳೆ ಕೂತ್ರೆ ಅದು ಕುಡಿದು ಎದ್ದು ಹೋಗುವವರೆಗೆ ಕಾಯ್ತಾರೆ. ನಮ್ಮ ಆಫೀಸಿನ ಮುಕ್ಕಾಲು ಪಾಲು ಆಡಿಟ್ ಹೊರಡುದು ಅದೇ ಮೂಲೆಯಿಂದ, ಮತ್ತು ಇಡೀ ಬಿಲ್ಡಿಂಗಿನಲ್ಲಿ ಅತೀ ಹೆಚ್ಚು ಹೊತ್ತು ಕತ್ತಲೆ ಇರುದೂ ಅದೇ ಮೂಲೆಯಲ್ಲಿ.

ಬೇರೆ ಯಾರಾದ್ರೂ ಆಗಿದ್ರೆ ಬೊಬ್ಬೆ ಹೊಡೀತಿದ್ರು. ಭಟ್ರು ಲೈಟು ಹೋದ ಕೂಡ್ಲೆ ಕಣ್ಣು ಎತ್ತದೆ, ಟೈಪು ಮಾಡುದು ನಿಲ್ಲಿಸದೆ, ಎಡಗೈಯನ್ನು ಮಾತ್ರ ಮಂಡೆಯ ಮೇಲೆ ಎತ್ತಿ, ಅಂಗಳದಲ್ಲಿ ಹಪ್ಪಳ ಕಾಯುವವರು ಕಾಗೆ ಓಡಿಸಿದ ಹಾಗೆ ಒಮ್ಮೆ ಬೀಸಿ ಕೆಳಗಿಡ್ತಾರೆ. ಲೈಟು ಬರ್ತದೆ. ಐದು ನಿಮಿಷ. ಪುನಃ ಕೈ. ಮೊದಮೊದಲು ಕ್ಲಯಂಟುಗಳು ತಮ್ಮನ್ನೇ ಕರೆದದ್ದು ಅಂತ ಎದ್ದು ಅವರ ಹತ್ರ ಹೋಗ್ತಾ ಇದ್ರು. ಮಂಜೇಶ್ವರದಿಂದ ಬಂದ ಒಬ್ರು ಗೇರುಬೀಜದ ವ್ಯಾಪಾರಿ, ಪಾಪ, ಭಟ್ರು ಕೈ ಎತ್ತಿದಾಗಲೆಲ್ಲ ತಾನೂ ಎತ್ತಿ ನಮಸ್ಕಾರ ಹೇಳ್ತಾ ಇದ್ರು, ಹೊರಡುವಾಗ ನನ್ನ ಹತ್ರ "ಅವ್ರು ಬಹಳ ಮರ್ಯಾದೆಯ ಜನ ಅಲ್ವಾ" ಅಂದ್ರು. ಸಂಜೆ ರೌಂಡಿಗೆ ಬರುವ ಸೆಕ್ಯುರಿಟಿ ಏಟ್ಟ (ಮಲೆಯಾಳದಲ್ಲಿ ಅಣ್ಣ) ಬಾಗಿಲಿನಿಂದಲೇ "ಭಟ್ರೇ, ಕೈ ಪೊಕ್ಕಿಕ್ಕೋ", ಅಂದ್ರೆ ಕೈ ಎತ್ತಿಕೊಳ್ಳಿ, ಅಂತ ಕೂಗಿ ಹೋಗುದು ರೂಢಿ ಆಗಿಬಿಟ್ಟಿದೆ. ಮನೆಯಲ್ಲಿ ಕೂಡ ಊಟದ ಮಧ್ಯೆ ಭಟ್ರ ಎಡಗೈ ತನ್ನಷ್ಟಕ್ಕೆ ಮೇಲೆ ಹೋಗ್ತದಂತೆ, ಇದು ಅವರೇ ಹೇಳಿದ್ದು, ಹೆಂಡತಿ "ಇನ್ನು ಮಜ್ಜಿಗೆ ಬೇಡ್ವಾ?" ಅಂತ ಪಾತ್ರೆ ಒಳಗೆ ಇಟ್ಟುಬಿಡ್ತಾರಂತೆ.

ಇತ್ತ ಮಾರ್ಕೆಟಿಂಗಿನ ಹುಡುಗ ಒಬ್ಬ ಇದ್ದಾನೆ. ಹೆಸರು ಬೇಡ. ಅವ ಕೂತದ್ದನ್ನು ನಾನು ನೋಡಿಲ್ಲ. ಕಿವಿಗೆ ಫೋನು ಸಿಕ್ಕಿಸಿಕೊಂಡು ಈ ಕೊನೆಯಿಂದ ಆ ಕೊನೆಗೆ, ಆ ಕೊನೆಯಿಂದ ಚಾ ಮಿಷಿನಿಗೆ, ಅಲ್ಲಿಂದ ರಿಸೆಪ್ಷನಿಗೆ. ಎಂಥ ಕೆಲಸ ಮಾಡ್ತಾನೆ ಅಂತ ಕೇಳಿದ್ರೆ ನಮಗೆ ಯಾರಿಗೂ ಗೊತ್ತಿಲ್ಲ, ಆದ್ರೆ ಅವ ಹೋದಲ್ಲೆಲ್ಲ ಬೆಳಕೇ ಬೆಳಕು.

ಇದು ಇಷ್ಟಕ್ಕೇ ನಿಂತಿದ್ರೆ ತಮಾಷೆ. ಒಂದು ದಿನ ಬಿಲ್ಡಿಂಗಿನವರಿಂದ ಬಾಸಿಗೆ ಒಂದು ರಿಪೋರ್ಟು ಬಂತು, ಬಣ್ಣ ಬಣ್ಣದ್ದು. ಆಫೀಸಿನ ನಕ್ಷೆ ಹಾಕಿ, ಯಾವ ಜಾಗ ಎಷ್ಟು ಬಳಕೆಯಲ್ಲುಂಟು ಅಂತ ಕೆಂಪು, ಹಳದಿ, ನೀಲಿಯಲ್ಲಿ ತೋರಿಸಿದ್ದು. ಚಾ ಮಿಷಿನಿನ ಸುತ್ತ ಕೆಂಡದ ಕೆಂಪು. ಭಟ್ರ ಮೂಲೆ ಕಡು ನೀಲಿ. ಕೆಳಗೆ ಸಲಹೆ: ಈ ಜಾಗ ಹೆಚ್ಚಾಗಿ ಖಾಲಿ ಇರುದ್ರಿಂದ ಸ್ಟೋರ್ ರೂಮ್ ಮಾಡಬಹುದು. ಬಾಸು ಒಳ್ಳೆಯವ್ರು, ರಿಪೋರ್ಟನ್ನು ತಂದು ಭಟ್ರಿಗೇ ತೋರಿಸಿ ನಕ್ಕರು. ಭಟ್ರು ನಗಲಿಲ್ಲ. ನಕ್ಷೆಯನ್ನು ಕನ್ನಡಕದ ಕೆಳಗಿನ ಅರ್ಧದಲ್ಲಿ ಸುಮಾರು ಹೊತ್ತು ನೋಡಿ, "ನಾನು ಮೂವತ್ತು ವರ್ಷ ಕೂತು ಬರೆದ ಲೆಕ್ಕ ಎಲ್ಲ ಖಾಲಿ ಜಾಗ ಬರೆದದ್ದೋ ಹಾಗಾದ್ರೆ?" ಅಂತ ಕೇಳಿದ್ರು. ಬಾಸಿನ ನಗೆ ಅಲ್ಲೇ ನಿಂತಿತು.

ಆಗ ನನಗೆ ಒಂದು ವಿಷಯ ಹೊಳೀತು. ಭಟ್ರ ಮೇಜಿನಡಿ ಗುಡಿಸದೆ ಎಷ್ಟು ಸಮಯ ಆಗಿತ್ತೋ ದೇವರಿಗೇ ಗೊತ್ತು. ಕ್ಲೀನಿಂಗಿನ ಅಕ್ಕನನ್ನು ಕೇಳಿದ್ರೆ, ಯಾವ ಯಾವ ಜಾಗ ಗುಡಿಸ್ಬೇಕು ಅಂತ ಅವರ ಫೋನಿಗೆ ಬರ್ತದಂತೆ, ಬಳಕೆ ಇಲ್ಲದ ಜಾಗ ಬಿಡುದಂತೆ. ಈ ಉಪಾಯ ನಮ್ಮವರದ್ದಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ದಿ ಎಡ್ಜ್ ಅಂತ ಒಂದು ಬಿಲ್ಡಿಂಗುಂಟು, 2014ರಲ್ಲಿ ಮುಗಿದದ್ದು, ಸುಮಾರು 28,000 ಸೆನ್ಸರ್ ಅದರೊಳಗೆ. ಅಲ್ಲಿ ಕೆಲಸದವರಿಗೆ ಸ್ವಂತ ಮೇಜೇ ಇಲ್ಲ, ದಿನಾ ಬೆಳಗ್ಗೆ ಫೋನಿನ ಆ್ಯಪು ಇಂಥಲ್ಲಿ ಕೂತ್ಕೊಳ್ಳಿ ಅಂತ ಹೇಳ್ತದೆ, ಯಾರಿಗೆ ಎಷ್ಟು ಬೆಳಕು ಎಷ್ಟು ತಂಪು ಇಷ್ಟ ಅಂತಲೂ ಅದಕ್ಕೆ ಗೊತ್ತು, ಜನ ಜಾಸ್ತಿ ಕೂತಲ್ಲಿ ಜಾಸ್ತಿ ಕ್ಲೀನಿಂಗು. ಪರಿಸರಸ್ನೇಹಿ ಕಟ್ಟಡಗಳಿಗೆ ಕೊಡುವ ಬ್ರೀಯಂ ಮಾರ್ಕಿನಲ್ಲಿ ನೂರಕ್ಕೆ 98 ದಾಟಿಸಿದ ಕಟ್ಟಡ ಅದು, ತಮಾಷೆ ಅಲ್ಲ. ನಮ್ಮವರು ಅದರಿಂದ ಕಲಿತದ್ದು ಗುಡಿಸದೆ ಬಿಡುದೊಂದನ್ನೇ.

ಎಸಿಯ ಕಥೆ ಬೇಗ ಹೇಳಿ ಮುಗಿಸ್ತೇನೆ, ನಿಮ್ಮ ಆಫೀಸಿನಲ್ಲೂ ಇದೇ ಇರ್ತದೆ. ಮನೆಗೆ ತರುವ ಸ್ಟಾರ್ ಲೇಬಲಿನ ಎಸಿ ಆನ್ ಮಾಡಿದ್ರೆ 24 ಡಿಗ್ರಿಯಲ್ಲೇ ಶುರುವಾಗ್ಬೇಕು ಅಂತ 2020ರ ಜನವರಿಯಿಂದ ನಿಯಮ ಉಂಟು. ನಮ್ಮ ಸೆಂಟ್ರಲ್ ಎಸಿಗೆ ಅಂಥ ಹಂಗಿಲ್ಲ, ಗಾಜಿನ ಬದಿಯವರಿಗೆ ಸೆಕೆ ಆಗ್ಬಾರ್ದು ಅಂತ ಒಳಗಿನವರನ್ನು ಹಿಮಾಲಯಕ್ಕೆ ಕಳಿಸ್ತದೆ. ಗೋಡೆಯಲ್ಲಿ ಬಾಣ ಒತ್ತುವ ಡಬ್ಬಿ ಒಂದುಂಟು, ಒತ್ತಿದ್ರೆ ನಂಬ್ರ ಬದಲಾಗ್ತದೆ, ಚಳಿ ಬದಲಾಗುದಿಲ್ಲ. ಒತ್ತಿದವರಿಗೆ ಸಮಾಧಾನ ಆಗ್ಲಿ ಅಂತ ಬರೇ ಡಬ್ಬಿ ಇಡುವ ಪದ್ಧತಿ ಅಮೆರಿಕದ ಆಫೀಸುಗಳಲ್ಲೂ ಉಂಟಂತೆ. ರಿಸೆಪ್ಷನಿನ ಅಕ್ಕ ಚಳಿ ತಡೀಲಿಕ್ಕಾಗದೆ ಸ್ವೆಟರ್ ತೆಗೀಲಿಕ್ಕೆ ಹೋದ್ರೆ ಅಂಗಡಿಯವ "ಊಟಿಗೆ ಯಾವಾಗ ಹೊರಡುದು?" ಅಂತ ಕೇಳಿದನಂತೆ. ಡೆನ್ಮಾರ್ಕಿನ ಫ್ಯಾಂಗರ್ ಅನ್ನುವ ಪ್ರೊಫೆಸರ್ 1970ರಲ್ಲಿ ಆಫೀಸಿನ ಹಿತವಾದ ಹವೆಗೆ ಒಂದು ಲೆಕ್ಕ ಹಾಕಿಕೊಟ್ರು, ಎಸಿಯವರು ಇವತ್ತಿಗೂ ಹಿಡಿದಿರುದು ಅದನ್ನೇ. ಆ ಲೆಕ್ಕದಲ್ಲಿ ಗಂಡಸಿನ ಮೈಬಿಸಿಯನ್ನೇ ಎಲ್ಲರದ್ದೂ ಅಂತ ಹಿಡಿದಿದ್ದಾರೆ ಅಂತ 2015ರಲ್ಲಿ ನೆದರ್‌ಲ್ಯಾಂಡಿನ ಇಬ್ರು ಸಂಶೋಧಕರು ತೋರಿಸಿದ್ರು. ಇದನ್ನು ಅಕ್ಕನಿಗೆ ಹೇಳಿದೆ. "ಗೊತ್ತಾಗ್ಲಿಕ್ಕೆ ನೆದರ್‌ಲ್ಯಾಂಡಿನಿಂದ ಬರ್ಬೇಕಿತ್ತಾ, ನನ್ನನ್ನು ಕೇಳಿದ್ರೆ ಹೇಳ್ತಿದ್ದೆ" ಅಂದ್ರು ಸ್ವೆಟರಿನ ತೋಳು ಎಳ್ಕೊಂಡು.

ಇನ್ನು ನಲ್ಲಿ. ಕೈ ಒಡ್ಡಿದ್ರೆ ನೀರು ಬರುವ ನಲ್ಲಿ. ಅದರ ಮೂತಿಯ ಕೆಳಗಿನಿಂದ ಕಣ್ಣಿಗೆ ಕಾಣದ ಕಿರಣ ಬರ್ತದೆ, ಕೈಗೆ ತಾಗಿ ವಾಪಸ್ ಹೋದ್ರೆ ನೀರು. ಸೋಪು ಹಚ್ಚುವ ಮೊದಲು ಚಂದ ಬರ್ತದೆ. ಹಚ್ಚಿದ ಮೇಲೆ ಮುನಿಸು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಎಲ್ಲ ಕೋನದಲ್ಲೂ ಕೈ ಒಡ್ಡಿ ಬೇಡಿ ಸಾಕಾಗಿ ಪಕ್ಕದ ನಲ್ಲಿಗೆ ಹೋದ ಕೂಡ್ಲೆ ಬಿಟ್ಟುಬಂದದ್ದು ಭೋರ್ ಅಂತ ಸುರೀತದೆ. ಒಳಗಿನ ಬ್ಯಾಟರಿ ಮುಗಿದ್ರೆ ಅದೂ ಇಲ್ಲ. ನನ್ನ ಅಜ್ಜನ ಮನೆ ಬಾಯಾರಿನ ಹತ್ರ, ಅಲ್ಲಿ ಗುಡ್ಡದ ಮುರಕಲ್ಲು ಕೊರೆದು ಅಡ್ಡಕ್ಕೆ ಒಳಗೆ ಹೋಗುವ ಸುರಂಗ ಉಂಟು, ನಮ್ಮ ಕಡೆಯವರಿಗೆ ಹೊಸತಲ್ಲ. ಪಂಪಿಲ್ಲ, ಕರೆಂಟಿಲ್ಲ, ನೀರು ತಾನಾಗಿ ಇಳಿದು ಬಂದು ಅಡಿಕೆ ಮರದ ದಂಬೆಯಲ್ಲಿ ಹರಿದು ತೊಟ್ಟಿಗೆ ಬೀಳ್ತದೆ. ಕೈ ಒಡ್ಡಿದ್ರೂ ಬರ್ತದೆ, ಒಡ್ಡದಿದ್ರೂ ಬರ್ತದೆ. ಅಜ್ಜನ ಮನೆಗೆ ಯಾರೂ ಸ್ಮಾರ್ಟ್ ಅಂತ ಬೋರ್ಡು ಹಾಕಲಿಲ್ಲ.

ಸರಿ, ಈಗ ಆಟಿಯ, ಅಂದ್ರೆ ಮಳೆಗಾಲದ ತುಳು ತಿಂಗಳಿನ, ತಾಳಮದ್ದಳೆಗೆ ಬರುವ. ಇದನ್ನು ಹೇಳ್ಲಿಕ್ಕೇ ಇಷ್ಟು ಸುತ್ತು ಬಂದದ್ದು.

ಭಟ್ರು ಬರೇ ಅಕೌಂಟೆಂಟ್ ಅಲ್ಲ, ಸೊಗಸಾದ ಅರ್ಥಧಾರಿ, ಅಂದ್ರೆ ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುವವ್ರು. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯವರಿಗೆ ಇದೇನು ದೊಡ್ಡ ಆಶ್ಚರ್ಯ ಅಲ್ಲ, ಇಲ್ಲಿ ನಾಲ್ಕು ಮನೆಗೆ ಒಬ್ರು ಅರ್ಥ ಹೇಳುವವರು ಸಿಗ್ತಾರೆ. ಯಕ್ಷಗಾನ ಮೇಳಗಳು ಮಳೆಗಾಲಕ್ಕೆ ಗೆಜ್ಜೆ ಬಿಚ್ಚಿಟ್ಟ ಮೇಲೆ ಊರೂರಿನಲ್ಲಿ ತಾಳಮದ್ದಳೆ ಶುರು ಆಗ್ತದಲ್ಲ, ಈ ಸಲ ಬಾಸು ನಮ್ಮ ಬಿಲ್ಡಿಂಗಿನ ಕೆಳಗಿನ ಕಾನ್ಫರೆನ್ಸ್ ಹಾಲಿನಲ್ಲೇ ಇಡುವ ಅಂದ್ರು. ಆದಿತ್ಯವಾರ ಸಂಜೆ. ಕೃಷ್ಣ ಸಂಧಾನಕ್ಕೆ ಬಂದ ಭಾಗ. ಭಟ್ರದ್ದು ಕೌರವ, ಪೆರ್ಲ ಕಡೆಯ ರಿಟೈರ್ಡ್ ಮಾಷ್ಟ್ರು ಒಬ್ರದ್ದು ಕೃಷ್ಣ. ಮೊದಲ ವಿಘ್ನ ದೀಪದ್ದು. ಎದುರಿಗೆ ಎಣ್ಣೆ ದೀಪ ಇಡ್ಲಿಕ್ಕಿಲ್ಲ, ಹೊಗೆ ಸೆನ್ಸರ್ ಬೊಬ್ಬೆ ಹೊಡೀತದೆ ಅಂತ ಮೆನೇಜರ್ ಹೇಳಿದ್ರು. ಕಡೆಗೆ ಬ್ಯಾಟರಿಯಲ್ಲಿ ಉರಿಯುವ ಚೈನಾ ಹಣತೆ ಒಂದನ್ನು ಬಾಳೆಲೆ ಮೇಲೆ ಇಟ್ಟದ್ದಾಯ್ತು. ಭಾಗವತರು ಅದನ್ನು ನೋಡಿ ಏನೂ ಹೇಳಲಿಲ್ಲ, ಜಾಗಟೆ ಮಾತ್ರ ಸ್ವಲ್ಪ ಜೋರಾಗಿ ಬಡಿದ್ರು.

ಪದ್ಯ ಹೇಳುವಷ್ಟು ಹೊತ್ತು ಎಲ್ಲ ಚಂದ. ಚೆಂಡೆಯವರ ಕೈ, ಮದ್ದಳೆಯವರ ಕೈ, ಭಾಗವತರ ಜಾಗಟೆ, ಸೆನ್ಸರಿಗೆ ಹಬ್ಬ. ಪದ್ಯ ನಿಂತು ಅರ್ಥ ಶುರು ಆಯ್ತು ನೋಡಿ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲಿಂದ ಮಾತು, ಮಾತು, ಮಾತು. ಕೇಳ್ಲಿಕ್ಕೆ ಬಂದವರಲ್ಲಿ ಮುಕ್ಕಾಲು ಪಾಲು ಅರುವತ್ತು ದಾಟಿದವ್ರು, ಕೈ ಕಟ್ಟಿ ಕೂತ್ರೆ ಅವರೂ ಕಲ್ಲು. ಭಟ್ರ ಕೌರವ ಅಂತೂ ಕೇಳುದೇ ಬೇಡ, ಧ್ವನಿ ಗುಡುಗು, ಮೈ ಮಾತ್ರ ಆಫೀಸಿನದ್ದೇ. "ಐದು ಗ್ರಾಮ ಬೇಡ, ಸೂಜಿಯ ಮೊನೆ ಊರುವಷ್ಟು ನೆಲವನ್ನೂ ಆ ಪಾಂಡವರಿಗೆ..." ಅಂತ ಮಾತು ಏರ್ತಾ ಏರ್ತಾ ಇನ್ನೇನು ತುದಿಗೆ ಹೋಗ್ಬೇಕು, ಹಾಲಿಗೆ ಹಾಲೇ ಕತ್ತಲೆ. ಎಸಿಯೂ ನಿಂತಿತು, ಜನ ಇಲ್ಲದ ಕೋಣೆಗೆ ಎಸಿ ಯಾಕೆ ಅಲ್ವಾ. ಚೈನಾ ಹಣತೆ ಒಂದು ಹಳದಿ ಚುಕ್ಕೆಯಾಗಿ ಮಿಣಮಿಣ.

ಬೇರೆಯವರಾಗಿದ್ರೆ ಅಲ್ಲಿಗೆ ಮಾತು ಕಡೀತಿತ್ತು. ಒಂದು ಗಳಿಗೆ ಬಿಟ್ಟು ಕತ್ತಲಿನಿಂದ ಕೌರವನ ಧ್ವನಿ ಬಂತು: "ಸಂಧಿಗೆ ಬಂದೆನೆಂದೆ ಕೃಷ್ಣಾ. ನೀನು ಕಾಲಿಟ್ಟ ಕ್ಷಣಕ್ಕೆ ನನ್ನ ಸಭೆಯ ಬೆಳಕೇ ನಂದಿತಲ್ಲ, ಇದೇ ಏನು ನೀನು ತಂದ ಸಂಧಿಯ ಶುಭಶಕುನ?"

ಮಾಷ್ಟ್ರು ಸುಮ್ಮನೆ ಬಿಡುವವರಾ. "ಕತ್ತಲೆಗೆ ನನ್ನನ್ನೇಕೆ ದೂರುತ್ತೀಯೆ ಕೌರವಾ? ತಂದೆಗೆ ಹುಟ್ಟಿನಿಂದ, ತಾಯಿಗೆ ಕಟ್ಟಿದ ಬಟ್ಟೆಯಿಂದ. ನಿನ್ನ ಮನೆಗೆ ಕತ್ತಲೆ ಹೊಸ ಅತಿಥಿಯೇ?"

ಹಾಲಿನೊಳಗೆ ಹೋ ಅಂತ ನಗೆ ಎದ್ದಿತು, ನಕ್ಕವರ ಮೈ ಕುಲುಕಿದ್ದಕ್ಕೆ ಅರ್ಧ ಹಾಲಿನ ಲೈಟು ಬಂತು. ಭಟ್ರು ಅದನ್ನೂ ಬಿಡಲಿಲ್ಲ. "ನಡುರಾತ್ರಿ, ಸೆರೆಮನೆಯ ಕಗ್ಗತ್ತಲೆಯಲ್ಲಿ ಹುಟ್ಟಿ, ಹುಟ್ಟಿದ ಗಳಿಗೆಯಲ್ಲೇ ಕತ್ತಲಲ್ಲಿ ಓಡಿಹೋದವನು ನೀನು. ಬೆಳಕಿನ ವಿಚಾರ ನನ್ನೊಡನೆ ಮಾತಾಡುತ್ತೀಯಾ?" ಚಪ್ಪಾಳೆಗೆ ಉಳಿದರ್ಧವೂ ಬಂತು.

ಆಮೇಲೆ ಚೆಂಡೆಯವರು ಜಾಗ್ರತೆ ಆದ್ರು. ಅರ್ಥ ಉದ್ದ ಆಯ್ತು ಅಂತ ಕಂಡ ಕೂಡ್ಲೆ ಕೋಲು ಎತ್ತಿ ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ ಕೆಳಗಿಡುದು. ಶಬ್ದ ಇಲ್ಲ. ಇದನ್ನು ನೋಡಿ ಮಾಷ್ಟ್ರಿಗೆ ತನ್ನ ಮಾತು ಮುಗಿಸ್ಲಿಕ್ಕೆ ಸನ್ನೆ ಮಾಡ್ತಾ ಇದ್ದಾರೆ ಅಂತ ಸಂಶಯ, ಅವರ ಕೃಷ್ಣ ಎರಡು ಸಲ ಪೀಠಿಕೆಯಲ್ಲೇ ನಿಂತುಬಿಟ್ಟ. ಎದುರಿನ ಸಾಲಿನಲ್ಲಿ ಕೂತ ಒಬ್ರು ಅಜ್ಜ ನನ್ನ ಕಡೆ ತಿರುಗಿ, "ಆ ಚೆಂಡೆಯವನಿಗೆ ಕೈ ನೋವೋ?" ಅಂತ ಕೇಳಿದ್ರು.

ಕಡೇಕಡೆಗೆ ಒಮ್ಮೆ ಲೈಟು ಹೋದಾಗ ಯಾರೂ ಕೈ ಬೀಸಲಿಲ್ಲ. ಚೆಂಡೆಯವರೂ ಕೋಲು ಮುಟ್ಟಲಿಲ್ಲ. ಭಟ್ರ ಕೌರವ ಕರ್ಣನ ಸ್ನೇಹದ ಮಾತಿಗೆ ಬಂದಿದ್ದ, ಧ್ವನಿ ತಗ್ಗಿತ್ತು, ಹೊರಗೆ ಆಟಿಯ ಮಳೆ ಧೋ ಅಂತ ಸುರೀತಾ ಇತ್ತು, ಗಾಜಿಗೆ ಹೈವೇಯ ಲಾರಿಗಳ ಬೆಳಕು ಬಂದು ಹೋಗ್ತಾ ಇತ್ತು. ನಮ್ಮ ಅಜ್ಜನ ಮನೆಯ ಚಾವಡಿಯಲ್ಲಿ ಲಾಟೀನಿನ ಬತ್ತಿ ಸಣ್ಣ ಮಾಡಿ ಕೇಳ್ತಾ ಇದ್ದದ್ದು ನೆನಪಾಯ್ತು. ಆ ಕತ್ತಲೆಯಲ್ಲಿ ಅರ್ಥ ಹೇಳುವವರ ಮುಖ ಕಾಣ್ತಿರಲಿಲ್ಲ, ಬೇಕೂಂತ ಅನ್ನಿಸ್ತಲೂ ಇರಲಿಲ್ಲ. ಇಲ್ಲೂ ಹಾಗೇ ಸುಮಾರು ಹೊತ್ತು ನಡೀತಿತ್ತೋ ಏನೋ, ಅಷ್ಟರಲ್ಲಿ ಸೆಕ್ಯುರಿಟಿ ಏಟ್ಟ ಟಾರ್ಚು ಹಿಡ್ಕೊಂಡು ಬಾಗಿಲು ತೆಗೆದು, ಹಾಲು ಖಾಲಿ ಅಂತ ಕಂಪ್ಯೂಟರಿನಲ್ಲಿ ತೋರಿಸ್ತಾ ಉಂಟು, ಬೀಗ ಹಾಕ್ಲಿಕ್ಕೆ ಬಂದೆ ಅಂದ. ಒಳಗೆ ಎಂಬತ್ತು ಜನ.

ಈ ತಾಳಮದ್ದಳೆಯ ಕಾರಣದಿಂದಲೇ ಬಾಸು ಗಟ್ಟಿ ಮನಸ್ಸು ಮಾಡಿ ಬಿಲ್ಡಿಂಗಿನವರಿಗೆ ದೂರು ಬರೆದ್ರು. ಬರೆದ್ರೆ ಏನು, ಮೇಲ್ ಹೋಯ್ತು, ಮೇಲ್ ಬಂತು, ನಂಬ್ರ ಕೊಟ್ರು, ಆ ನಂಬ್ರದ ಮೇಲೆ ಇನ್ನೊಂದು ನಂಬ್ರ ಕೊಟ್ರು. ನಮಗೆ ಬೇಕಾದ್ದು ಗೋಡೆಯಲ್ಲಿ ಒಂದು ಸ್ವಿಚ್ಚು, ಅಷ್ಟೆ. ಅದು ಮಾತ್ರ ಡಿಸೈನಿನಲ್ಲಿ ಇಲ್ಲವಂತೆ.

ಸ್ವಿಚ್ಚು ಅಂದಾಗ ಹಳೇ ಆಫೀಸಿನ ಬೋರ್ಡು ನೆನಪಾಗ್ತದೆ. ಮರದ ಹಲಗೆ, ಕಪ್ಪು ಗುಂಡಿಗಳು, ಯಾವುದು ಯಾವುದರದ್ದು ಅಂತ ಭಟ್ರ ಅಕ್ಷರದಲ್ಲಿ ಚೀಟಿ ಅಂಟಿಸಿದ್ದು. ಸಂಜೆ ಎಲ್ರೂ ಮೆಟ್ಟಿಲು ಇಳಿದ ಮೇಲೆ ಭಟ್ರು ಒಬ್ರೇ ಹಿಂದೆ ನಿಂತು ಒಂದೊಂದೇ ಗುಂಡಿ ಒತ್ತಿ ಆರಿಸುವ ಶಬ್ದ ಕೆಳಗೆ ಅಂಗಡಿಯವರೆಗೆ ಕೇಳ್ತಿತ್ತು. ಕಡೆಗೆ ಒಮ್ಮೆ ಎಲ್ಲದರ ಮೇಲೂ ಅಂಗೈ ಸವರುದು, ಯಾವುದಾದ್ರೂ ಉಳಿದಿದೆಯೋ ಅಂತ. ಕರೆಂಟು ಬಿಲ್ಲು ಹೆಚ್ಚು ಬಂದ ತಿಂಗಳು ಭಟ್ರು ರಜೆಯಲ್ಲಿದ್ರು ಅಂತ ನಾವು ಲೆಕ್ಕ ಹಿಡೀತಿದ್ದೆವು. ಹೊಸ ಆಫೀಸಿಗೆ ಬಂದ ಮೇಲೂ ಹೊರಡುವಾಗ ಅವರ ಅಂಗೈ ಬಾಗಿಲ ಪಕ್ಕದ ಗೋಡೆಯನ್ನು ಒಮ್ಮೆ ಸವರ್ತದೆ. ಅಲ್ಲಿ ಬರೇ ಪೈಂಟು.

ಅಂತೂ ಹೋದ ವಾರ ಚೆರ್ಕಳದ ಹುಡುಗ ಏಣಿ ತಂದು ಹಳೇ ಉಂಡೆಗಳನ್ನೆಲ್ಲ ಕಿತ್ತು ಹೊಸತು ಹಾಕಿದ. ಇದು ಮೈಕ್ರೋವೇವ್ ಸೆನ್ಸರ್, ಹಳತರ ಹಾಗೆ ಸುಮ್ಮನೆ ಕೂರುದಿಲ್ಲ, ತಾನೇ ಅಲೆ ಕಳಿಸಿ ವಾಪಸ್ ಬಂದದ್ದನ್ನು ನೋಡ್ತದೆ, ಗಾಡಿಯ ಸ್ಪೀಡು ಹಿಡಿಯುವ ರೇಡಾರಿನದ್ದೇ ತತ್ವ. ಬೆರಳು ಅಲುಗಾಡಿದ್ರೂ ಸಾಕು. ಭಟ್ರ ಆ ಎರಡು ಬೆರಳಿಗೆ ಕಡೆಗೂ ಬೆಲೆ ಬಂತು, ಇಡೀ ದಿನ ಮೂಲೆಯಲ್ಲಿ ಲೈಟು ಆರಲಿಲ್ಲ, ನಾವೆಲ್ಲ ಹೋಗಿ ಕೈ ಕುಲುಕಿ ಬಂದೆವು.

ಸಂಜೆ ಶುರುವಾಯ್ತು ಹೊಸ ಗೌಜಿ. ಎಲ್ರೂ ಹೊರಟ ಮೇಲೂ ಲೈಟು ಆರುದಿಲ್ಲ. ಎಸಿಯ ಗಾಳಿಗೆ ಗೋಡೆಯ ಕ್ಯಾಲೆಂಡರ್ ಹಾಳೆ ಪಟಪಟ ಅಂದ್ರೆ ಅದಕ್ಕೆ ಮನುಷ್ಯ. ಕ್ಯಾಲೆಂಡರ್ ತೆಗೆದು ಮೇಜಿನ ಡ್ರಾಯರಿನಲ್ಲಿಟ್ಟು ಬಾಗಿಲು ಎಳೆದುಕೊಂಡು ಭಟ್ರು ಗಾಜಿನ ಹೊರಗೆ ನಿಂತ್ರು. ಎದೆಗೆ ಬ್ಯಾಗು ಅವಚಿಕೊಂಡು ಒಳಗೆ ಇಣುಕುದು, ಈ ಬದಿಯಿಂದ ಒಮ್ಮೆ, ಆ ಬದಿಯಿಂದ ಒಮ್ಮೆ, ಗಾಜಿಗೆ ಹಣೆ ತಾಗಿಸಿ ಒಮ್ಮೆ. ಲೈಟು ಝಗಝಗ. ಮುಳ್ಳೇರಿಯದ ಬಸ್ಸಿಗೆ ಹೊತ್ತಾಯ್ತು ಅಂತ ಹೇಳಿದೆ, ಕೇಳುದಿಲ್ಲ. ಕಡೆಗೆ ಆ ಹುಡುಗನಿಗೇ ಫೋನು ಮಾಡಿದೆ. ಅವ ಆ ಕಡೆಯಿಂದ ನಕ್ಕು, ಮೈಕ್ರೋವೇವಿಗೆ ಗಾಜು ಅಡ್ಡ ಬರುದಿಲ್ಲ, ಹೊರಗೆ ನಿಂತು ಮಿಸುಕಿದವರೂ ಅದಕ್ಕೆ ಒಳಗಿದ್ದವರೇ, ನೀವು ಅಲ್ಲಿಂದ ಹೋಗಿ, ಅದು ಆರ್ತದೆ ಅಂದ.

"ಕೇಳಿತಾ ಭಟ್ರೇ? ನೀವು ಇಣುಕುದ್ರಿಂದಲೇ ಅದು ಉರೀತಾ ಇರುದು. ನಾವು ಹೋದ್ರೆ ಆರ್ತದೆ. ಬನ್ನಿ."

ಭಟ್ರು ಗಾಜಿನಿಂದ ಹಣೆ ತೆಗೆಯದೆ, "ಆರಿದ್ದನ್ನು ನೋಡದೆ ಹೋಗುದು ಹೇಗೆ ಮಾರಾಯ? ನೀನು ಬೇಕಾದ್ರೆ ಹೋಗು, ನಾನು ಅಲುಗಾಡದೆ ನಿಂತು ನೋಡ್ತೇನೆ" ಅಂದ್ರು. ನಿಂತ್ರು ಕೂಡ, ಅದರಲ್ಲಿ ಅವರಿಗೆ ಸರಿಸಾಟಿ ಯಾರು. ಐದು ನಿಮಿಷಕ್ಕೆ ಇನ್ನು ಸ್ವಲ್ಪ ಬಾಕಿ ಇರ್ಬೇಕು, ಕಾರಿಡಾರಿನ ಆ ತುದಿಯಿಂದ ಸೆಕ್ಯುರಿಟಿ ಏಟ್ಟ ಬೀಸು ನಡಿಗೆಯಲ್ಲಿ ಬರ್ತಾ ಇದ್ದ, ದೂರದಿಂದಲೇ ಅಭ್ಯಾಸ ಬಲದಲ್ಲಿ ಕೂಗಿದ:

"ಭಟ್ರೇ, ಕೈ ಪೊಕ್ಕಿಕ್ಕೋ!"

ಭಟ್ರ ಎಡಗೈ ಮೇಲೆ ಹೋಯ್ತು.